ಅಜ್ಜನ ಕಾರಿಗೆ ಯಾವ ಗೇರು?

ದಾವಣಗೆರೆಯಿಂದ ಹದಡಿ ರಸ್ತೆ ಹಿಡಿದು ಹೊರಟರೆ, ನಗರ ಮುಗಿಯುತ್ತಿದ್ದಂತೆ ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳು ಶುರುವಾಗುತ್ತವೆ. ಹದಡಿಯ ಒಂದು ರೈತನ ಮನೆಯ ಹಿತ್ತಲಲ್ಲಿ, ಹುಲ್ಲಿನ ಬಣವೆಯ ಪಕ್ಕದ ತಗಡಿನ ಮಾಡಿನ ಕೆಳಗೆ, 1972ರ ಅಂಬಾಸಿಡರ್ ಕಾರೊಂದು ನಿಂತಿದೆ ಎಂದಿಟ್ಟುಕೊಳ್ಳಿ. ಅಜ್ಜ ಸುಗ್ಗಿಯ ಹಣದಲ್ಲಿ ಕೊಂಡದ್ದು. ಮದುವೆಯ ದಿಬ್ಬಣ, ಹೆರಿಗೆಯ ಆಸ್ಪತ್ರೆ, ದಾವಣಗೆರೆಯ ಮಂಡಿ, ಎಲ್ಲಕ್ಕೂ ಅದೇ ಗಾಡಿ. ಈಗ ಅಜ್ಜನಿಗೆ ಎಡ ಮೊಣಕಾಲು ನೋವು. ಕ್ಲಚ್ ಒತ್ತಲಾಗದೆ ಕಾರು ನಿಂತುಬಿಟ್ಟಿದೆ.

ಆ ಮನೆಯ ಮೊಮ್ಮಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನಿಗೊಂದು ಆಸೆ. ಹಳೆಯ ಗೇರ್ ಬಾಕ್ಸ್ ಕಿತ್ತು, ಓವರ್‌ಡ್ರೈವ್ ಇರುವ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಕೂರಿಸಿದರೆ ಕ್ಲಚ್ ಪೆಡಲೇ ಇರುವುದಿಲ್ಲ. ಅಜ್ಜ ಮತ್ತೆ ಕಾರು ಓಡಿಸಬಹುದು. ಹೆದ್ದಾರಿಯಲ್ಲಿ ಎಂಜಿನ್ ಅರಚಾಟವೂ ತಗ್ಗುತ್ತದೆ. ಅಪ್ಪನ ಕೈಯಲ್ಲಿರುವುದು ಈ ಬೆಳೆಯ ಹಣ. ಅದರಲ್ಲೇ ಮಗನ ಕಾಲೇಜಿನ ಫೀಸೂ ಇದೆ.

‘ಯಾವ ಗೇರ್ ಬಾಕ್ಸ್ ಹಾಕ್ತೀಯಪ್ಪಾ?’ ಎಂದು ಅಪ್ಪ ಕೇಳಿದರೆ, ‘ಓವರ್‌ಡ್ರೈವ್ ಇರೋದು ಅಪ್ಪಾ’ ಎನ್ನುತ್ತಾನೆ ಮಗ. ‘ಯಾಕೆ ಅದೇ ಬೇಕು?’ ಎಂದರೆ ಮಗನ ಬಳಿ ಉತ್ತರ ತೊದಲುತ್ತದೆ.

ಇಂಥ ಪ್ರಶ್ನೆ ಕಾರಿನದೇ ಆಗಬೇಕೆಂದಿಲ್ಲ. ಮೋಟಾರ್ ಬೈಕ್, ಕಂಪ್ಯೂಟರ್, ಕೊಳವೆ ಬಾವಿಯ ಪಂಪು, ಯಾವುದೇ ಇರಲಿ. ಆಸೆಗೂ ಆಯ್ಕೆಗೂ ನಡುವೆ ಒಂದು ಲೆಕ್ಕದ ಹಾಳೆ ಇರುತ್ತದೆ. ಹದಡಿಯ ಈ ಕಾರಿನ ನೆಪದಲ್ಲಿ ಆ ಹಾಳೆಯನ್ನು ಬರೆದು ನೋಡಬಹುದು.

ಮೊದಲು ಗೇರು ಎಂದರೇನು? ಅಪ್ಪನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಇಳಿಸಿದಾಗ ತಗ್ಗಿನ ಗೇರು. ಎಂಜಿನ್ ಜೋರಾಗಿ ತಿರುಗುತ್ತದೆ, ಗಾಲಿ ನಿಧಾನ, ಎಳೆತ ಹೆಚ್ಚು. ಭತ್ತದ ಚೀಲ ಹೇರಿಕೊಂಡು ಟಾರು ರಸ್ತೆಗೆ ಬಂದ ಮೇಲೆ ಮೇಲಿನ ಗೇರು. ವೇಗ ಹೆಚ್ಚು, ಎಳೆತ ಕಡಿಮೆ. ವೇಗ ಬೇಕೆಂದರೆ ಎಳೆತ ಬಿಡಬೇಕು, ಎಳೆತ ಬೇಕೆಂದರೆ ವೇಗ ಬಿಡಬೇಕು. ಎರಡನ್ನೂ ಒಟ್ಟಿಗೆ ಕೊಡುವ ಗೇರನ್ನು ಯಾರೂ ಮಾಡಿಲ್ಲ, ಮಾಡಲೂ ಆಗದು.

ಇದೇ ಪಾಠ ಹರಿಹರದಲ್ಲೂ ಇತ್ತು. ಅಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಅನೇಕ ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಅದರ ಲೇತ್‌ಗಳು ಕಾಣಸಿಗುವುದುಂಟು. ಲೇತ್‌ನ ಹೆಡ್‌ಸ್ಟಾಕ್ ಮುಚ್ಚಳ ತೆಗೆದು ನೋಡಿದ ವಿದ್ಯಾರ್ಥಿಗೆ ಗೇರು ಪುಸ್ತಕದ ಚಿತ್ರವಾಗಿ ಉಳಿಯುವುದಿಲ್ಲ. ದಪ್ಪ ಕಬ್ಬಿಣ ಕಡೆಯಬೇಕಾದರೆ ನಿಧಾನದ ಗೇರು, ನುಣುಪು ಕೆಲಸಕ್ಕೆ ವೇಗದ ಗೇರು. ಮೋಟಾರು ಒಂದೇ, ಬದಲಾಗುವುದು ಹಲ್ಲುಗಳ ಲೆಕ್ಕ. ಹದಡಿ ರಸ್ತೆಯಲ್ಲೇ 1951ರಿಂದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಇದೆ. ಹದಡಿಯ ಹುಡುಗ ಗೇರು ನೋಡಲು ಬಹಳ ದೂರ ಹೋಗಬೇಕಾಗಿಲ್ಲ.

ಈಗ ಓವರ್‌ಡ್ರೈವ್. ಹಳೆಯ ಅಂಬಾಸಿಡರ್‌ನಲ್ಲಿ ನಾಲ್ಕು ಗೇರು. ಗೇರು ಹಾಕುವ ಕೋಲು ಸ್ಟೀರಿಂಗ್ ಪಕ್ಕದಲ್ಲಿ. ನಾಲ್ಕನೆಯ ಗೇರಿನಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಗೇರ್ ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸುತ್ತು ತಿರುಗುತ್ತದೆ. ಇದು ನೇರ ಗೇರು. ಎಂಜಿನ್ ಒಂದು ಸುತ್ತು ತಿರುಗುವುದರೊಳಗೆ ಶಾಫ್ಟ್ ಒಂದಕ್ಕಿಂತ ಹೆಚ್ಚು ಸುತ್ತು ತಿರುಗಿದರೆ ಅದು ಓವರ್‌ಡ್ರೈವ್.

ಲೆಕ್ಕ ಸುಲಭವಾಗಲೆಂದು ಗಾಲಿಯ ಸುತ್ತಳತೆ 2 ಮೀಟರ್, ಹಿಂದಿನ ಆಕ್ಸಲಿನ ಅನುಪಾತ 4.5 ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಸುಮಾರು 1333 ಮೀಟರ್. ಗಾಲಿ ನಿಮಿಷಕ್ಕೆ 667 ಸುತ್ತು ತಿರುಗಬೇಕು. ಅದನ್ನು 4.5ರಿಂದ ಗುಣಿಸಿದರೆ 3000. ನೇರ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆ ಎಂದಾಯಿತು. ಓವರ್‌ಡ್ರೈವ್ ಅನುಪಾತ 0.7 ಇದ್ದರೆ ಅದೇ ವೇಗಕ್ಕೆ 2100 ಸುತ್ತು ಸಾಕು. ಪ್ರತಿ ನಿಮಿಷಕ್ಕೆ 900 ಸುತ್ತು ಉಳಿತಾಯ. ಸದ್ದು ಕಡಿಮೆ, ಸವೆತ ಕಡಿಮೆ, ಪೆಟ್ರೋಲೂ ಸ್ವಲ್ಪ ಕಡಿಮೆ. ಹುಡುಗನ ಆಸೆಯ ಅರ್ಧ ಭಾಗ ಇಲ್ಲಿಗೆ ಸಮರ್ಥನೆಯಾಯಿತು.

ಆಟೋಮ್ಯಾಟಿಕ್ ಗೇರ್ ಬಾಕ್ಸಿನೊಳಗೆ ಈ ಕೆಲಸ ಮಾಡುವುದು ಗ್ರಹಮಂಡಲದಂಥ ಗೇರುಗಳ ಗುಂಪು. ನಡುವೆ ಸೂರ್ಯ ಗೇರು, ಅದರ ಸುತ್ತ ಗ್ರಹ ಗೇರುಗಳು, ಎಲ್ಲದರ ಹೊರಗೆ ಒಳಮುಖವಾಗಿ ಹಲ್ಲುಳ್ಳ ಬಳೆಯಂಥ ಗೇರು. ಸೂರ್ಯನಿಗೆ 30 ಹಲ್ಲು, ಗ್ರಹಗಳಿಗೆ 20, ಬಳೆಗೆ 70 ಎಂದಿರಲಿ. ಸೂರ್ಯನನ್ನು ಅಲುಗದಂತೆ ಹಿಡಿದು, ಗ್ರಹಗಳನ್ನು ಹೊತ್ತ ಚೌಕಟ್ಟನ್ನು ಎಂಜಿನ್ ತಿರುಗಿಸಿದರೆ, ಚೌಕಟ್ಟು 70 ಸುತ್ತು ಬರುವಷ್ಟರಲ್ಲಿ ಬಳೆ 100 ಸುತ್ತು ಬರುತ್ತದೆ. 70ನ್ನು 100ರಿಂದ ಭಾಗಿಸಿ, ಅದೇ 0.7ರ ಓವರ್‌ಡ್ರೈವ್. ರಟ್ಟಿನಲ್ಲಿ ಹಲ್ಲು ಕತ್ತರಿಸಿ ಮಾಡಿ ನೋಡಿದರೂ ಇದು ಕಣ್ಣಿಗೆ ಕಾಣುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಆಟೋಮ್ಯಾಟಿಕ್ಕಿನ ಗುಟ್ಟು. ಹಿಡಿಯುವ ಕೆಲಸಕ್ಕೆ ಒಳಗೆ ಪಟ್ಟಿಗಳು, ಸಣ್ಣ ಕ್ಲಚ್ಚುಗಳು ಇರುತ್ತವೆ. ಅವನ್ನು ಒತ್ತುವುದು ಎಣ್ಣೆಯ ಒತ್ತಡ.

ಕಾಲಿನ ಕ್ಲಚ್ ಬದಲು ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಡಬ್ಬಿ ಇರುತ್ತದೆ. ಎದುರುಬದುರಾಗಿ ಎರಡು ಫ್ಯಾನ್ ಇಟ್ಟು ಒಂದನ್ನು ಓಡಿಸಿದರೆ ಗಾಳಿಯ ಹೊಡೆತಕ್ಕೆ ಇನ್ನೊಂದೂ ತಿರುಗುವುದಿಲ್ಲವೇ, ಹಾಗೆ. ಗಾಳಿಯ ಜಾಗದಲ್ಲಿ ಎಣ್ಣೆ. ಹೊರಡುವಾಗ ಇದು ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿಯೂ ಕೊಡುತ್ತದೆ. ಆದರೆ ಎಣ್ಣೆಯ ಮೂಲಕ ಹೋಗುವ ಶಕ್ತಿಯಲ್ಲಿ ಒಂದಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ಆದ್ದರಿಂದ ಈಚಿನವುಗಳಲ್ಲಿ ವೇಗ ಕೂಡಿದ ಮೇಲೆ ಎರಡು ಭಾಗಗಳನ್ನೂ ಬಿಗಿಯಾಗಿ ಕಚ್ಚಿಸುವ ಲಾಕ್‌ಅಪ್ ಕ್ಲಚ್ ಇರುತ್ತದೆ. ಓವರ್‌ಡ್ರೈವ್ ಹಾಕಿ ಲಾಕ್‌ಅಪ್ ಕೆಲಸ ಮಾಡದಿದ್ದರೆ ಉಳಿತಾಯದ ಬದಲು ಎಣ್ಣೆ ಕಾಯುತ್ತದೆ. ಕಾದ ಎಣ್ಣೆಯೇ ಆಟೋಮ್ಯಾಟಿಕ್ಕಿನ ಮೊದಲ ಶತ್ರು.

ಪೂರ್ತಿ ಆಟೋಮ್ಯಾಟಿಕ್ ಗೇರ್ ಬಾಕ್ಸನ್ನು ಸಾಮಾನ್ಯರ ಕಾರಿಗೆ ದೊಡ್ಡ ಪ್ರಮಾಣದಲ್ಲಿ ತಂದದ್ದು ಅಮೆರಿಕ. ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಬಂತು. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಉಳಿಸುವ ಒತ್ತಡ ಬಂದಾಗ ನಾಲ್ಕನೆಯ ಓವರ್‌ಡ್ರೈವ್ ಗೇರು ಸೇರಿಕೊಂಡಿತು. ಫೋರ್ಡ್‌ನ ಎ.ಒ.ಡಿ. 1980ರಲ್ಲಿ, ಜನರಲ್ ಮೋಟಾರ್ಸ್‌ನ 200-4ಆರ್ 1981ರಲ್ಲಿ, 700-ಆರ್4 1982ರಲ್ಲಿ ಬಂದವು. ಹಳೆಯ ಕಾರು ಸಾಕುವ ಅಮೆರಿಕದ ಹವ್ಯಾಸಿಗಳು ಈ ಮೂರರ ನಡುವೆ ಅಳೆದು ತೂಗುವುದುಂಟು. ಅವರ ಅಳತೆಗೋಲುಗಳು ನಮ್ಮ ಹುಡುಗನಿಗೂ ಪಾಠ.

ಮೊದಲನೆಯದು ಗೇರುಗಳ ನಡುವಿನ ಅಂತರ. 700-ಆರ್4ನ ಮೊದಲ ಗೇರು 3.06, ಎರಡನೆಯದು 1.63. ಹೊರಡುವಾಗ ಒಳ್ಳೆಯ ಎಳೆತ. ಆದರೆ ಎರಡನೆಯದಕ್ಕೆ ಬಿದ್ದಾಗ ಎಂಜಿನ್ ಒಮ್ಮೆಲೇ ಕುಸಿದಂತಾಗುತ್ತದೆ. 200-4ಆರ್‌ನಲ್ಲಿ 2.74 ಮತ್ತು 1.57; ಮೆಟ್ಟಿಲು ಸಣ್ಣದು. ಎ.ಒ.ಡಿ.ಯಲ್ಲಿ ಮೊದಲ ಗೇರು 2.40 ಮಾತ್ರ. ಓವರ್‌ಡ್ರೈವ್ 700-ಆರ್4ನಲ್ಲಿ 0.70, ಉಳಿದೆರಡರಲ್ಲಿ 0.67. ಎರಡನೆಯದು ಉದ್ದ. 200-4ಆರ್ ಹಳೆಯ ಮೂರು ಗೇರಿನ ಟರ್ಬೊ 350ರಷ್ಟೇ ಉದ್ದವಿರುವುದರಿಂದ ಅದರ ಜಾಗದಲ್ಲಿ ಸುಲಭವಾಗಿ ಕೂರುತ್ತದೆ. 700-ಆರ್4 ಸುಮಾರು ಮೂರು ಅಂಗುಲ ಹೆಚ್ಚು ಉದ್ದ, ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಬೇಕಾಗುತ್ತದೆ. ಮೂರನೆಯದು ಒಂದು ಸಣ್ಣ ಕೇಬಲ್. ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂದು ಗೇರ್ ಬಾಕ್ಸಿಗೆ ತಿಳಿಸುವ ಈ ಕೇಬಲ್ ಸರಿಯಾಗಿ ಹೊಂದಿಸದಿದ್ದರೆ ಒಳಗಿನ ಎಣ್ಣೆಯ ಒತ್ತಡ ತಗ್ಗಿ, ಕ್ಲಚ್ಚುಗಳು ಜಾರಿ ಸುಟ್ಟುಹೋಗುತ್ತವೆ. ಸಾವಿರಾರು ರೂಪಾಯಿಯ ಗೇರ್ ಬಾಕ್ಸಿನ ಆಯುಷ್ಯ ಒಂದು ತಂತಿಯ ಕೈಯಲ್ಲಿ!

ಇನ್ನು ಇವು ಹದಡಿಯ ಅಂಬಾಸಿಡರ್‌ಗೆ ಹೊಂದುತ್ತವೆಯೇ? ಮತ್ತೆ ಲೆಕ್ಕ. ಆ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಶಕ್ತಿ ಸುಮಾರು 50 ಅಶ್ವಶಕ್ತಿ. ಮೇಲೆ ಹೇಳಿದ ಅಮೆರಿಕನ್ ಗೇರ್ ಬಾಕ್ಸುಗಳು ಅದರ ಮೂರು ನಾಲ್ಕು ಪಟ್ಟು ತಿರುಚುಬಲದ ಎಂಟು ಸಿಲಿಂಡರ್ ಎಂಜಿನ್ನುಗಳಿಗೆಂದು ಹುಟ್ಟಿದವು. ಅವುಗಳ ಎಣ್ಣೆ ಪಂಪನ್ನು ತಿರುಗಿಸುವುದರಲ್ಲೇ ಸಣ್ಣ ಎಂಜಿನ್ನಿನ ಶಕ್ತಿಯ ಒಂದು ಪಾಲು ಹೋಗುತ್ತದೆ.

80 ಕಿಲೋಮೀಟರ್ ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಅಂಥ ಕಾರಿಗೆ ಅಂದಾಜು 15 ಅಶ್ವಶಕ್ತಿ ಬೇಕು. ಓವರ್‌ಡ್ರೈವಿನ 2100 ಸುತ್ತಿನಲ್ಲಿ ಎಂಜಿನ್ ಪೂರ್ತಿ ಒತ್ತಿದರೆ 28ರಷ್ಟು ಕೊಟ್ಟೀತು. ಹರಿಹರದ ಕಡೆಗೆ ಇಬ್ಬರು ಹೊರಟರೆ ಪರವಾಗಿಲ್ಲ. ನಾಲ್ವರು ಕುಳಿತು, ಸಾಮಾನು ಹೇರಿ, ಚಿತ್ರದುರ್ಗದ ಕಡೆಯ ಏರು ಹತ್ತುವಾಗ, ಮೂವತ್ತು ಅಡಿಗೆ ಒಂದು ಅಡಿ ಏರಿದರೂ ಸಾಕು, ಅಷ್ಟೂ ಶಕ್ತಿ ಅಲ್ಲಿಗೇ ಮುಗಿಯುತ್ತದೆ. ನೇರ ಗೇರಿನ 3000 ಸುತ್ತಿನಲ್ಲಾದರೆ ಅದೇ ಎಂಜಿನ್ 40ರ ಹತ್ತಿರ ಕೊಡುತ್ತದೆ. ಹಾಗಾಗಿ ಆಟೋಮ್ಯಾಟಿಕ್ ಪೆಟ್ಟಿಗೆ ನಾಲ್ಕಕ್ಕೆ ಹಾಕುವುದು, ತಡೆಯದೆ ಮೂರಕ್ಕೆ ಇಳಿಯುವುದು, ಮತ್ತೆ ನಾಲ್ಕಕ್ಕೆ ಹತ್ತುವುದು, ಇದನ್ನೇ ಮಾಡುತ್ತ ಎಣ್ಣೆ ಕಾಯಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥ ಜೋಡಿಗೇ ಹುಟ್ಟಿರಬೇಕು.

ಕಾರಿನ ಮೈಕಟ್ಟೂ ಅಡ್ಡ ಬರುತ್ತದೆ. ಅಂಬಾಸಿಡರ್‌ಗೆ ಲಾರಿಯಂತೆ ಬೇರೆಯೇ ಚಾಸಿಸ್ ಇಲ್ಲ; ನೆಲದ ತಗಡೇ ಭಾರ ಹೊರುತ್ತದೆ. ದೊಡ್ಡ ಗೇರ್ ಬಾಕ್ಸ್ ಕೂರಿಸಲು ನಡುವಿನ ಉಬ್ಬನ್ನು ಕತ್ತರಿಸಿದರೆ ಕತ್ತರಿಸಿದ್ದು ಕಾರಿನ ಬೆನ್ನುಹುರಿಯನ್ನೇ.

ನಮ್ಮ ದೇಶದಲ್ಲಿ ಇಂಥ ಬದಲಾವಣೆ ಮಾಡಿದವರು ಇಲ್ಲವೆಂದಲ್ಲ. ಕಾರ್ಖಾನೆಗಳೇ ಮಾಡಿವೆ. 1990ರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದೇ ಅಂಬಾಸಿಡರ್ ಮೈಗೆ ಜಪಾನಿನ ಇಸುಜು ಕಂಪೆನಿಯ 1817 ಸಿ.ಸಿ. ಎಂಜಿನ್, ಐದು ಗೇರಿನ ಪೆಟ್ಟಿಗೆ ಕೂರಿಸಿತು. ಗೇರು ಕೋಲು ಸ್ಟೀರಿಂಗ್ ಬಿಟ್ಟು ನೆಲಕ್ಕಿಳಿಯಿತು. ಹಳೆಯ ಮೈ, ಹೊಸ ಉಸಿರು. ಅದು ಜನಕ್ಕೆ ಹಿಡಿಸಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತರೂ ಇಸುಜು ಎಂಜಿನ್ನಿನ ಗಾಡಿಗಳಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. 1985ರಲ್ಲಿ ಪ್ರೀಮಿಯರ್ ಕಂಪೆನಿ 118 ಎನ್.ಇ. ಕಾರಿಗೆ ನಿಸ್ಸಾನ್ ಎಂಜಿನ್ ಮತ್ತು ಗೇರ್ ಬಾಕ್ಸ್ ಜೋಡಿಸಿತು. ಆದರೆ ಅದೇ ವರ್ಷ ಬಂದ ಸ್ಟ್ಯಾಂಡರ್ಡ್ 2000 ಬೇರೆ ಕಥೆ. ಇಂಗ್ಲೆಂಡಿನ ರೋವರ್‌ನ ಸುಂದರ ಮೈಗೆ ಹಳೆಯ ಕಾಲದ ಎಂಜಿನ್ ಹಾಕಿದರು. ಹೊರಗೆ ಕಣ್ಣು ಕೋರೈಸುವ ನೋಟ, ಒಳಗೆ ಏದುಸಿರು. ಕಾರು ಬಹಳ ಕಾಲ ಬಾಳಲಿಲ್ಲ. ಗೆದ್ದ ಎರಡರಲ್ಲೂ ಎಂಜಿನ್ ಮತ್ತು ಗೇರ್ ಬಾಕ್ಸ್ ಒಂದೇ ಮನೆಯಿಂದ ಜೋಡಿಯಾಗಿ ಬಂದಿದ್ದವು ಎಂಬುದನ್ನು ಹುಡುಗ ಗುರುತು ಹಾಕಿಕೊಳ್ಳಬೇಕು.

ಅಂದರೆ ಲೆಕ್ಕದ ಪ್ರಕಾರ ಅವನ ಮುಂದಿರುವ ದಾರಿಗಳು ಇವು. ಅಮೆರಿಕದ ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಇಸುಜು ಎಂಜಿನ್ ಮತ್ತು ಅದರ ಐದು ಗೇರು ಹಾಕಿದರೆ ಹೆದ್ದಾರಿಯ ಅರಚಾಟ ತಗ್ಗುತ್ತದೆ. ಆದರೆ ಕ್ಲಚ್ ಇದ್ದೇ ಇದೆ, ಅಜ್ಜನ ಮೊಣಕಾಲಿಗೆ ಏನೂ ಸಿಗಲಿಲ್ಲ. ಹಿಂಬದಿ ಚಕ್ರ ತಿರುಗುವ ಸಣ್ಣ ಜಪಾನಿ ಕಾರುಗಳಿಗೆಂದೇ ಮಾಡಿದ ನಾಲ್ಕು ಗೇರಿನ ಆಟೋಮ್ಯಾಟಿಕ್ಕನ್ನು ಅದರದೇ ಎಂಜಿನ್ನಿನೊಂದಿಗೆ ತಂದರೆ ತಾಂತ್ರಿಕವಾಗಿ ಹೊಂದಬಹುದು. ಆದರೆ ಬಿಡಿಭಾಗ, ಎಣ್ಣೆ ತಣಿಸುವ ಕೂಲರ್, ಗೊತ್ತಿರುವ ಮೆಕ್ಯಾನಿಕ್, ಮೂರನ್ನೂ ಹುಡುಕಬೇಕು.

ಕಾನೂನಿನ ಹಾಳೆ ಬೇರೆ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪುಸ್ತಕದ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಎಂಜಿನ್ ಬದಲಿಸಬೇಕಾದರೆ ಆರ್.ಟಿ.ಒ. ಕಚೇರಿಯ ಅನುಮತಿ ಮೊದಲೇ ಬೇಕು. ಅನುಮತಿಯಿಲ್ಲದೆ ಮಾಡಿದ ಗಾಡಿ ಅಪಘಾತಕ್ಕೀಡಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಇನ್ನೊಂದು ಮಾತೂ ಉಂಟು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಎಂಜಿನ್, ಚಾಸಿಸ್, ಮೈಕಟ್ಟಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಕ್ಕಷ್ಟೇ ರಸ್ತೆಗಿಳಿಸಬಹುದು, ದಿನನಿತ್ಯ ಮಂಡಿಗೆ ಒಯ್ಯುವಂತಿಲ್ಲ. ಹದಡಿಯ 1972ರ ಕಾರು ಆ 50 ವರ್ಷದ ಹೊಸ್ತಿಲು ದಾಟಿದೆ. ಗರಗಸ ಒಮ್ಮೆ ನೆಲದ ತಗಡಿಗೆ ಬಿತ್ತೆಂದರೆ ಆ ಬಾಗಿಲು ಮುಚ್ಚಿತು.

ಇಷ್ಟನ್ನೂ ಬರೆದುಕೊಂಡು ಹುಡುಗ ಅಪ್ಪನ ಮುಂದೆ ಕೂರುತ್ತಾನೆ ಎನ್ನಿ. ಅಪ್ಪ ಹಾಳೆಯನ್ನು ಎರಡು ಬಾರಿ ಓದಿ, ‘ಎಲ್ಲಾ ಬರ್ದೀಯ. ಅಜ್ಜನ್ನ ಕೇಳಿದೇನು?’ ಎನ್ನುತ್ತಾರೆ.

ಹುಡುಗ ಕೇಳಿರಲಿಲ್ಲ.

ಕೇಳಿದಾಗ ಅಜ್ಜ ಹೇಳುವ ಮಾತು ಯಾವ ಪಠ್ಯದಲ್ಲೂ ಇರುವುದಿಲ್ಲ. ‘ಕಾಲಷ್ಟೇ ಅಲ್ಲ ತಮ್ಮಾ, ರಾತ್ರಿ ಎದುರಿಗೆ ಲೈಟ್ ಬಂದ್ರೆ ಕಣ್ಣೂ ಕಾಣಲ್ಲ. ನಾನು ಓಡಿಸೋದು ಸಾಕಾಯ್ತು. ಗಾಡಿ ಹೊಲದ ತನಕ ಓಡ್ಲಿ. ನೀನು ಓಡ್ಸು, ನಾನು ಪಕ್ಕದಾಗೆ ಕೂರ್ತೀನಿ.’

ಒಂದೂವರೆ ಲಕ್ಷವೋ ಎರಡು ಲಕ್ಷವೋ ಆಗಬಹುದಾಗಿದ್ದ ಖರ್ಚು ಒಂದು ಪ್ರಶ್ನೆಯಲ್ಲಿ ಕರಗಿತು. ಈಗ ಹುಡುಗನ ಹಾಳೆಯಲ್ಲಿ ಉಳಿದ ಕೆಲಸ ಚಿಕ್ಕದು: ಕ್ಲಚ್ ಪ್ಲೇಟ್ ನೋಡುವುದು, ಕಾರ್ಬೊರೇಟರ್ ತೊಳೆಯುವುದು, ಬ್ರೇಕ್ ಪೈಪುಗಳನ್ನು ಹೊಸದು ಮಾಡುವುದು, ಗೇರ್ ಆಯಿಲ್ ಬದಲಿಸುವುದು, ನೋಂದಣಿಯ ಕಾಗದಗಳನ್ನು ಸರಿಪಡಿಸುವುದು. ಬ್ರೇಕಿನದು ಮೊದಲು. ಮಾಡಿನಡಿ ನಿಂತ ಗಾಡಿಯಲ್ಲಿ ಎಲ್ಲಕ್ಕಿಂತ ಮುಂಚೆ ಕೈಕೊಡುವುದು ಅದೇ. ಅಜ್ಜ ಸ್ವತಃ ಓಡಿಸಲೇಬೇಕೆಂದು ಹಟ ಹಿಡಿದಿದ್ದರೆ ಆಗಲೂ ಅಂಬಾಸಿಡರ್ ಕತ್ತರಿಸಬೇಕಾಗಿರಲಿಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ತಂದಂತೆ, ಕ್ಲಚ್ ಕೆಲಸವನ್ನು ಯಂತ್ರವೇ ಮಾಡುವ ಗೇರ್ ಬಾಕ್ಸಿನ ಸಣ್ಣ ಕಾರುಗಳು ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ.

ಹಾಗಾದರೆ ಗ್ರಹ ಗೇರು, ಟಾರ್ಕ್ ಕನ್ವರ್ಟರ್, 0.7ರ ಅನುಪಾತ, ಎಲ್ಲ ಓದಿದ್ದು ವ್ಯರ್ಥವೇ? ಖಂಡಿತ ಅಲ್ಲ. ಬೇಡ ಎಂದು ತಿಳಿದು ಹೇಳಲು, ಬೇಕು ಎಂದು ಹೇಳುವುದಕ್ಕಿಂತ ಹೆಚ್ಚು ಓದಬೇಕಾಗುತ್ತದೆ. ಅಪ್ಪ ಮೊದಲ ದಿನವೇ ‘ಆಗಲ್ಲ’ ಎಂದಿದ್ದರೆ ಹುಡುಗ ಮುನಿಸಿಕೊಂಡಿರುತ್ತಿದ್ದ. ಮೊದಲ ದಿನವೇ ‘ಆಗಲಿ’ ಎಂದಿದ್ದರೆ ಫೀಸಿನ ಹಣ ಹೋಗಿ, ಕಾರು ಅರ್ಧ ಕತ್ತರಿಸಿಕೊಂಡು ಅದೇ ಮಾಡಿನ ಕೆಳಗೆ ನಿಂತಿರುತ್ತಿತ್ತು. ‘ಯಾಕೆ?’ ಎಂದು ಕೇಳಿ ಹಾಳೆ ಬರೆಸಿದ್ದರಿಂದ ಮನೆಗೆ ಒಬ್ಬ ಎಂಜಿನಿಯರ್ ಬಂದ.

ಮಕ್ಕಳ ಮುಂದಿನ ಆಸೆ ಯಾವುದೇ ಇರಲಿ, ಪಾಲಕರು ಈ ಮೂರು ಪ್ರಶ್ನೆ ಕೇಳಿ ನೋಡಬಹುದು. ಇದು ಯಾರಿಗಾಗಿ? ಇರುವ ಎಂಜಿನ್ನಿಗೆ ಇದು ಹೊಂದುತ್ತದೆಯೇ? ಮಾಡಿದ ಮೇಲೆ ತಪ್ಪೆನಿಸಿದರೆ ಮೊದಲಿನಂತೆ ಮಾಡಲು ಸಾಧ್ಯವೇ? ಉತ್ತರ ಬಾಯಿಮಾತಿನಲ್ಲಿ ಬೇಡ, ಹಾಳೆಯ ಮೇಲೆ ಬರಲಿ. ಆ ಹಾಳೆಯ ಕೊನೆಯ ಸಾಲನ್ನು ಮಾತ್ರ ಖಾಲಿ ಬಿಟ್ಟು, ಯಾರಿಗಾಗಿ ಇಷ್ಟೆಲ್ಲ ಹೊರಟಿದೆಯೋ ಅವರ ಹತ್ತಿರ ಹೋಗಿ ಕೂರಬೇಕು.